ಮಗುಚಿ ನೋಡುವ ಚಟ

ಅಂಗಡಿಯಲ್ಲಿ ಏನು ಕೈಗೆತ್ತಿಕೊಂಡರೂ ಮೊದಲು ಅದರ ಬೆನ್ನು ನೋಡುವುದು ನನ್ನ ಚಟ. ಲೋಟವಾದರೆ ತಳ, ಅಂಗಿಯಾದರೆ ಒಳಹೊಲಿಗೆ, ಕುರ್ಚಿಯಾದರೆ ಮೊಣಕಾಲೂರಿ ಅದರ ಹೊಟ್ಟೆಯ ಕೆಳಗೆ ಇಣುಕುವುದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಉತ್ತರಪತ್ರಿಕೆ ಕೈಗೆ ಬಂದರೆ ಮುಂದಿನ ಪುಟದ ದುಂಡಕ್ಷರ ಆಮೇಲೆ; ಮೊದಲು ಕೊನೆಯ ಪುಟ ತಿರುವಿ ಹುಡುಗ ಪೆನ್ಸಿಲಿನಲ್ಲಿ ಗೀಚಿದ ಕಚ್ಚಾ ಲೆಕ್ಕ ನೋಡುತ್ತಿದ್ದೆ. ತಾನೇ ಮಾಡಿದ್ದೋ, ಮುಂದಿನ ಬೆಂಚಿನಿಂದ ಇಳಿಸಿಕೊಂಡದ್ದೋ ಅಲ್ಲಿ ಬಯಲಾಗುತ್ತಿತ್ತು. ಉತ್ತರಪತ್ರಿಕೆಗಳು ಹೋದವು, ಚಟ ಉಳಿಯಿತು. ಮಾಲ್‌ಗಳಲ್ಲಿ ಇದಕ್ಕೆ ಮರ್ಯಾದೆ ಇಲ್ಲ. ಕುಕ್ಕರನ್ನು ತಲೆಕೆಳಗು ಮಾಡಿ ಹಿಡಿದರೆ ಸೇಲ್ಸ್ ಹುಡುಗ ಓಡಿಬರುತ್ತಾನೆ. ಹೆಂಡತಿ ನಾಲ್ಕು ಮಾರು ದೂರ ನಿಂತು, ಈ ಮುದುಕ ಯಾರ ಕಡೆಯವನೋ ಎಂಬಂತೆ ಬೇರೆತ್ತಲೋ ನೋಡುತ್ತಾಳೆ. ಈ ಚಟದವನನ್ನು ಸ್ಟೂಲು ಕೊಟ್ಟು ಕೂರಿಸಿ ಚಹಾ ತರಿಸುವ ಜಾಗವೆಂದರೆ ಕರಕುಶಲ ಮೇಳ. ಅದೂ ಕೆಲಸದ ದಿನ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಹೋದರೆ.

ಈ ಹೊತ್ತಿನ ಗುಟ್ಟು ಹೇಳಿಕೊಟ್ಟವರು ನಮ್ಮ ಆಚೆಮನೆ ಅಕ್ಕ. ಬಾಗಲಕೋಟೆ ಕಡೆಯವರು. ಮಗನ ಜೊತೆ ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಅವರ ಮಾತಿಗೆ ಇಲ್ಲಿನ ನೀರು ತಾಗಿಲ್ಲ. ಬೆಳಿಗ್ಗೆ ನಾನು ಕರಿಬೇವಿನ ಗಿಡಕ್ಕೆ ನೀರು ಹಾಕುವಾಗ ಅವರು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರೆಂದರೆ ನಮ್ಮ ಮನೆಯ ಕಾಫಿ ಆರುತ್ತದೆ, ಅವರ ಮನೆಯ ಹಾಲು ಉಕ್ಕುತ್ತದೆ.

“ಮಾಸ್ತರ, ಚಿತ್ರಕಲಾ ಪರಿಷತ್ತಿನ್ಯಾಗ ಮೇಳ ಹಚ್ಯಾರಂತ. ಬರ್ತೀರೇನು?”

“ಭಾನುವಾರ ಹೋಗೋಣ ಬಿಡಿ ಅಕ್ಕ.”

“ಐತವಾರ ಯಾರರ ಹೋಗ್ತಾರೇನ್ರಿ? ಐತವಾರ ಬರೇ ಮಂದೀ ಬೆನ್ನು ನೋಡಿ ಬರೂದಾಕ್ಕೈತಿ. ಬುಧವಾರ ಹೋಗೂಣು. ಬುತ್ತಿ ನಾ ಕಟ್ತೀನಿ.”

ಬೆನ್ನು ನೋಡುವವನಿಗೆ ಬೇಕಾದದ್ದು ಮಂದಿಯ ಬೆನ್ನಲ್ಲವಾದ್ದರಿಂದ ಒಪ್ಪಿಕೊಂಡೆ. ಮೇಳಕ್ಕೂ ಒಂದು ದಿನಚರಿ ಇದೆ. ಹನ್ನೊಂದು ಗಂಟೆಗೆ ಮಳಿಗೆಗಳ ಮುಂದೆ ಇಳಿಬಿಟ್ಟ ಬಟ್ಟೆ ಸರಿಸಿ, ಊದಿನಕಡ್ಡಿ ಹಚ್ಚಿ, ಬೋಣಿಗೆ ಕಾಯುತ್ತಾರೆ. ಬೋಣಿಯ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ ಎಂಬುದು ತಿಳಿದ ಚೌಕಾಸಿ ಪಂಡಿತರು ಆಗಲೇ ಹಾಜರಾಗುತ್ತಾರೆ. ಐದು ಗಂಟೆಯ ಮೇಲೆ ಆಫೀಸು ಬಿಟ್ಟವರು, ಫೋಟೋ ತೆಗೆಯುವವರು, ಮಕ್ಕಳ ಗಾಡಿಗಳು. ಇವೆರಡರ ನಡುವೆ, ಊಟವಾಗಿ ಕಣ್ಣು ಕೂರುವ ಆ ಎರಡು ಮೂರು ತಾಸು ಮೇಳ ಗಿರಾಕಿಗಳದ್ದಲ್ಲ, ಮಾಡುವವರದ್ದು. ಕಾಶ್ಮೀರದ ಹುಡುಗ ಶಾಲಿನ ಮಳಿಗೆ ಬಿಟ್ಟು ಒಡಿಶಾದವರ ಪಟ್ಟಚಿತ್ರ ನೋಡಲು ಹೋಗಿರುತ್ತಾನೆ. ಮಣ್ಣಿನ ಮಡಕೆಯವರು ಬುಟ್ಟಿಯವರ ಹತ್ತಿರ ಕೂತು ಮಗಳ ಮದುವೆಯ ಮಾತಾಡುತ್ತಿರುತ್ತಾರೆ. ಆಗ ಹೋಗಿ ‘ಇದು ಹ್ಯಾಗೆ ಮಾಡ್ತೀರಿ’ ಎಂದು ಕೇಳಿದರೆ ಯಾರಿಗೂ ಬೇಸರವಿಲ್ಲ. ಕೇಳದಿದ್ದರೇ ಬೇಸರ.

ಶಿವಾನಂದ ಸರ್ಕಲ್ಲಿನಲ್ಲಿ ಬಸ್ಸಿಳಿದು ಕುಮಾರಕೃಪಾ ರಸ್ತೆಯಲ್ಲಿ ನಡೆದರೆ ಆಯಿತು, ಪರಿಷತ್ತು ಸಿಗುತ್ತದೆ. ಎಂ.ಎಸ್. ನಂಜುಂಡರಾಯರು 1960ರಲ್ಲಿ ಹುಟ್ಟುಹಾಕಿದ ಸಂಸ್ಥೆ ಇದು. 2003ರಿಂದ ಜನವರಿಯಲ್ಲಿ ಇಲ್ಲಿ ಚಿತ್ರಸಂತೆ ನಡೆಯುವುದು ಎಲ್ಲರಿಗೂ ಗೊತ್ತು. ಆ ದಿನ ಇಡೀ ರಸ್ತೆಯೇ ಗ್ಯಾಲರಿ. ಆದರೆ ಚಿತ್ರಸಂತೆಯಲ್ಲಿ ನಿಲ್ಲುವಂತಿಲ್ಲ, ಹಿಂದಿನವರು ತಳ್ಳುತ್ತಾರೆ. ವರ್ಷದ ಮಿಕ್ಕ ದಿನಗಳಲ್ಲಿ ಒಳಗಿನ ಮರಗಳ ಕೆಳಗೆ ಹಾಕುವ ಸಣ್ಣ ಮೇಳಗಳಿಗೆ ಬಿಡುವು ಜಾಸ್ತಿ. ಹೆಂಡತಿ ಕೊಳ್ಳುವುದರ ಪಟ್ಟಿ ಬರೆದು ತಂದಿದ್ದಳು. ಅಕ್ಕ ಅದನ್ನು ಇಸಿದುಕೊಂಡು ಬುತ್ತಿಯ ಚೀಲದೊಳಗೆ ಹಾಕಿಬಿಟ್ಟರು.

ಮೊದಲು ಸಿಕ್ಕಿದ್ದೇ ಇಳಕಲ್ ಸೀರೆಯ ಮಳಿಗೆ. ನಡುವಯಸ್ಸಿನ ಒಬ್ಬಾತ ಗೋಡೆಗೆ ಒರಗಿ ತೂಕಡಿಸುತ್ತಿದ್ದ. ನಮ್ಮಂಥವರು ಸೀರೆಯನ್ನು ನೋಡುವುದು ಒಡಲಿನ ಬಣ್ಣದಿಂದ. ಅಕ್ಕ ಮಡಿಕೆಯನ್ನು ಬಿಚ್ಚದೆ ಒಳಗೆ ಕೈ ತೂರಿಸಿ, ಸೆರಗು ಶುರುವಾಗುವ ಜಾಗವನ್ನು ಹುಡುಕಿ ಎಳೆದು, ಹಿಂದುಮುಂದಾಗಿ ತಿರುವಿ, ಹೆಬ್ಬೆರಳಿನಿಂದ ಒಂದು ಗೆರೆಯುದ್ದಕ್ಕೂ ಸವರಿದರು. ಆತನ ನಿದ್ದೆ ಹಾರಿಹೋಯಿತು.

“ಯಾವೂರ್ರೀ ಅಕ್ಕಾರ?”

“ನಿಮ್ಮ ಕಡೀನ. ಕೊಂಡಿ ನೀವ ಹಾಕೀರೇನ್ ತಮ್ಮಾ?”

“ನಾನೂ ನನ್ ಹೆಂಡ್ತೀನೂ ಕುಂತು ಹಾಕೂದ್ರಿ.”

ಆಮೇಲೆ ಅವರಿಬ್ಬರ ನಡುವೆ ನನಗೂ ಹೆಂಡತಿಗೂ ಪ್ರವೇಶ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ವಿಷಯ ಇಷ್ಟು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದಾದರೂ ಸೆರಗಿಗೆ ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಮಗ್ಗದ ಮೇಲೆ ಎಳೆಗೆ ಎಳೆ, ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ. ಹಾಗೆ ಕೂಡಿಸಿದ ಮೇಲೆ ತೆನೆಯ ಸಾಲಿನಂತೆ ಬಿಳಿ ಕೆಂಪು ಹಲ್ಲು ಮೂಡಿಸಿ ನೇಯುವುದು ತೋಪುತೆನೆ ಸೆರಗು. ಕೊಂಡಿ ಇರುವುದರಿಂದ ಹತ್ತು ಸೀರೆಯ ಹಾಸನ್ನು ಒಂದೇ ಸಲ ಮಗ್ಗಕ್ಕೆ ಏರಿಸಿ ನೇಯ್ದು ಕತ್ತರಿಸುವ ಹಾಗಿಲ್ಲ. ಒಂದು ಸೀರೆಗೆ ಒಂದು ಹಾಸು. ಮುಗಿಯಿತೆ, ಮತ್ತೆ ಮೊದಲಿನಿಂದ. “ಮಷೀನ್ ಮ್ಯಾಲ ದಿನಾ ಸಾಲಾಗಿ ತೆಗೀಬೇಕನ್ನಾವ್ರು ಕೊಂಡಿ ಹಾಕ್ಕೋಂತ ಕುಂದ್ರಾಕ ಆಕ್ಕೈತೇನ್ರಿ?” ಎಂದ ಆತ. ಗೆರೆಯ ಮೇಲೆ ನನ್ನ ಹೆಬ್ಬೆರಳನ್ನೂ ಇಡಿಸಿದ. ಮುಂದುಗಡೆಯಿಂದ ಕಣ್ಣಿಗೆ ಅಷ್ಟಾಗಿ ಕಾಣದು; ಬೆರಳಿಗೆ ಸಣ್ಣ ಏರು ತಾಕುತ್ತದೆ. ಬಿಡಿ ಬಿಡಿ ಕುಣಿಕೆಗಳು, ಸಾವಿರಾರು, ಒಂದೂ ತಪ್ಪದೆ.

ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಆಡಿಸುವುದನ್ನು ಆತ ನಿಂತಲ್ಲೇ ನಟಿಸಿ ತೋರಿಸಿದ. ಹೆಂಡತಿ ಕಂಡಿಕಿ ಸುತ್ತುತ್ತಾಳೆ, ಅವ್ವನಿಗೆ ಈಗ ಕಣ್ಣು ಸಾಲದು ಆದರೂ ಹಾಸಿನ ಎಳೆ ಹರಿದರೆ ಕತ್ತಲಲ್ಲೇ ಗಂಟು ಹಾಕುತ್ತಾಳೆ ಎಂದ. ಅಂಚಿನ ಹೆಸರು ಕೇಳಿದ ನನ್ನ ಹೆಂಡತಿಗೆ ಚಿಕ್ಕಿ ಪಾರಸು, ಗೋಮಿ ಎರಡನ್ನೂ ಬಿಡಿಸಿಟ್ಟ. ಕೊನೆಗೆ ಅಕ್ಕ ಆರಿಸಿದ ಸೀರೆಯನ್ನು ತಾನೇ ತಿರುವಿಹಾಕಿ, “ಇದರಾಗ ಇಲ್ಲೊಂದು ಎಳಿ ತಪ್ಪೈತ್ರಿ ಅಕ್ಕಾರ, ನೋಡ್ಕೊಂಡು ತಗೋರಿ” ಎಂದು ಬೆರಳಿಟ್ಟು ತೋರಿಸಿದ. ನಾವಾಗಿ ನಾವು ದುರ್ಬೀನು ಹಾಕಿದರೂ ಸಿಗುತ್ತಿರಲಿಲ್ಲ.

ಮೇಳದಲ್ಲಿ ಮಾಡಿದವನನ್ನೂ ಮಾರುವವನನ್ನೂ ಬೇರ್ಪಡಿಸುವುದು ಹೇಗೆಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಮಾರುವವನು ಇತಿಹಾಸ ಹೇಳುತ್ತಾನೆ: ನಾನೂರು ವರ್ಷ, ರಾಜಮನೆತನ, ಲಂಡನ್ನಿನ ಮ್ಯೂಸಿಯಂ. ಮಾಡಿದವನು ಕೊರತೆ ಹೇಳುತ್ತಾನೆ: ಈ ಬಣ್ಣ ಬಿಸಿಲಿಗೆ ಆಗದು, ಇಲ್ಲಿ ಎಳೆ ತಪ್ಪಿದೆ, ಇದನ್ನು ಮೊದಲ ಸಲ ಉಪ್ಪು ನೀರಲ್ಲಿ ಅದ್ದಿ. ಅನುಮಾನವಿದ್ದರೆ ‘ಹರಿದರೆ ಹೇಗೆ ರಿಪೇರಿ ಮಾಡೋದು’ ಎಂದು ಕೇಳಿ ನೋಡಿ. ಒಬ್ಬ ತಟ್ಟನೆ ಹೇಳುತ್ತಾನೆ, ಇನ್ನೊಬ್ಬ ‘ಹರಿಯೋದೇ ಇಲ್ಲ ಸರ್’ ಅನ್ನುತ್ತಾನೆ.

ಅಲ್ಲಿಂದ ಮುಂದಿನ ಸಾಲಿನಲ್ಲಿ ಕಸೂತಿ ಮಾಡುವ ಹೆಣ್ಣುಮಗಳೊಬ್ಬರು, ಧಾರವಾಡದ ಕಡೆಯವರು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿದ್ದರು. ಮಾರುವ ಹೊತ್ತಿನಲ್ಲೂ ಕೈಲಿ ಸೂಜಿ. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ನೇಗಿ ಬಟ್ಟೆಯಲ್ಲೇ ನೇಯ್ದಂತೆ ಕಾಣುತ್ತದೆ, ಮೆಂತೆ ನಮ್ಮ ಕತ್ತರಿ ಗುಣಿಸು ಚಿಹ್ನೆ. ಇವೆರಡಕ್ಕೂ ಹಿಂದು ಮುಂದು ಬೇರೆ ಬೇರೆ. ನನ್ನನ್ನು ಅಲ್ಲೇ ಬೇರು ಬಿಡಿಸಿದ್ದು ಗವಂತಿ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಎಲ್ಲವೂ ಬರೀ ನೇರ, ಅಡ್ಡ, ಓರೆ ಗೆರೆಗಳಲ್ಲಿ. ಬಟ್ಟೆಯ ಮೇಲೆ ಪೆನ್ಸಿಲಿನ ಗುರುತಿಲ್ಲ, ಅಚ್ಚಿನ ಗುರುತಿಲ್ಲ. ನೂಲಿನ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಹಾಕುವುದು. ಚಟ ಬಿಡದೆ ಮಗುಚಿ ನೋಡಿದೆ. ಹಿಂದೆಯೂ ಅದೇ ಗೋಪುರ, ಅದೇ ತೇರು. ಗಂಟು ಎಲ್ಲಿ? ಒಂದೂ ಇಲ್ಲ.

“ಗಂಟು ಹಾಕಿದ್ರ ಅದು ಕಸೂತಿ ಅಲ್ರೀ ಸರ,” ಎಂದರು ಆಕೆ. ಆಮೇಲೆ ಚೂರು ಬಟ್ಟೆಯ ಮೇಲೆ ನಿಧಾನವಾಗಿ ತೋರಿಸಿದರು. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಹೋಗುತ್ತ ಗೆರೆಯ ಅರ್ಧ ಭಾಗ ಮೂಡಿಸುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ಹಿಂದಿರುಗುತ್ತ, ಬಿಟ್ಟ ಸಂದುಗಳನ್ನು ತುಂಬಿಕೊಂಡು ಬರುತ್ತದೆ. ಹೊರಟ ಜಾಗಕ್ಕೇ ವಾಪಸು. ನಡುವೆ ಕವಲು ಬಂದರೆ ಆ ಕವಲಿಗೆ ಹೋಗಿ ಬಂದು ಮುಂದಕ್ಕೆ.

ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದು ಕೂತುಬಿಟ್ಟ. ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳ ಕಥೆ ಕೇಳಿರಬಹುದು: ಪ್ರತಿ ಸೇತುವೆಯನ್ನೂ ಒಮ್ಮೊಮ್ಮೆ ಮಾತ್ರ ದಾಟಿ ಊರು ಸುತ್ತಿ ಬರಲಾಗುತ್ತದೆಯೇ ಎಂಬ ಲೆಕ್ಕ. ಆಗುವುದಿಲ್ಲ ಎಂದು ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ತೋರಿಸಿಕೊಟ್ಟ. ಒಂದು ಕೂಡುಜಾಗಕ್ಕೆ ಬಂದು ಸೇರುವ ದಾರಿಗಳ ಸಂಖ್ಯೆ ಬೆಸವಾದರೆ ತೊಡಕು. ಆದರೆ ಪ್ರತಿ ದಾರಿಯಲ್ಲೂ ಎರಡೆರಡು ಸಲ ನಡೆಯಲು ಬಿಟ್ಟರೆ ಎಲ್ಲ ಬೆಸಗಳೂ ಸಮವಾಗುತ್ತವೆ. ಎಂಥ ಜಟಿಲ ಚಿತ್ರವಾದರೂ ಬಿಡಿಯಾಗಿ ತುಂಡಾಗದೆ ಕೂಡಿಕೊಂಡಿದ್ದರೆ ಸಾಕು, ಹೊರಟಲ್ಲಿಗೇ ಮರಳಬಹುದು. ಗವಂತಿ ಮಾಡುವುದು ಅದನ್ನೇ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅದಕ್ಕೇ ಗಂಟು ಬೇಡ, ಅದಕ್ಕೇ ಹಿಂದು ಮುಂದು ಒಂದೇ. ಹೆಂಡತಿ ಕಣ್ಣು ಕೆಂಪು ಮಾಡುತ್ತಿದ್ದರೂ ಬಿಡದೆ ಇಷ್ಟನ್ನೂ ಆಕೆಗೆ ವಿವರಿಸಿದೆ. ತಲೆಯೆತ್ತದೆ ಕೇಳಿಸಿಕೊಂಡ ಆಕೆ ಹಲ್ಲಿನಲ್ಲಿ ದಾರ ಕಡಿದು, “ಅದೆಲ್ಲಾ ಗೊತ್ತಿಲ್ರಿ. ಹೋದ ದಾರೀಲೇ ತಿರುಗಿ ಬರೂದು, ಅಷ್ಟ” ಎಂದರು. ಇಷ್ಟು ಚುಟುಕಾಗಿ ಹೇಳಲು ಬಂದಿದ್ದರೆ ನನ್ನ ಕ್ಲಾಸಿನ ಎಷ್ಟು ಹುಡುಗರು ಪಾಸಾಗುತ್ತಿದ್ದರೋ.

ಇನ್ನೊಂದು ಮೇಳದಲ್ಲಿ, ಹೆಸರು ಬೇಡ, ‘ಅಸಲಿ ಕೈಕಸೂತಿ’ ಎಂದು ಬೋರ್ಡು ತಗುಲಿಸಿದ ಸೀರೆಯನ್ನು ತಿರುವಿದ್ದೆ. ಹಿಂದುಗಡೆ ಒಂದೇ ಬಣ್ಣದ ಬಿಳಿ ದಾರ, ಅಲ್ಲಲ್ಲಿ ಅಂಟಿಕೊಂಡ ಕಾಗದದ ಚೂರು. ಮಷೀನಿನ ಬಾಬಿನ್ನು ತನ್ನ ಸಹಿ ಹಾಕಿತ್ತು. ಮಷೀನಿನ ಬಗ್ಗೆ ನನಗೇನೂ ಹಗೆಯಿಲ್ಲ. ನನ್ನ ಅಂಗಿಯೂ ಮಷೀನಿನದ್ದೇ. ಬೋರ್ಡು ಸುಳ್ಳು ಹೇಳಬಾರದು ಅಷ್ಟೆ. ಈಗ ಕೈಮಗ್ಗಕ್ಕೊಂದು ಗುರುತು, ಊರಿನ ಹೆಸರಿಗೊಂದು ಭೌಗೋಳಿಕ ಗುರುತು ಎಂದು ಸರ್ಕಾರವೂ ಚೀಟಿ ಕೊಡುತ್ತದೆ. ಒಳ್ಳೆಯದೇ. ಆದರೂ ಚೀಟಿ ಅಂಟಿಸುವುದು ಮುಂದುಗಡೆ. ನಾನು ಹಿಂದುಗಡೆಯ ಪಾರ್ಟಿ.

ಊಟಕ್ಕೆ ಮರದ ಕೆಳಗಿನ ಕಟ್ಟೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಅಕ್ಕ ಕಟ್ಟಿದ್ದು ಮೂವರಿಗೆ. ಕೂತವರು ಅದಕ್ಕಿಂತ ಜಾಸ್ತಿ. ಸೀರೆಯಾತ ಬಂದ, ಅವನ ಪಕ್ಕದ ಶ್ರೀಕಾಳಹಸ್ತಿಯ ಕಲಂಕಾರಿ ಅಮ್ಮ ಬಂದರು. ಆಕೆಯ ಡಬ್ಬಿಯ ಗೊಂಗೂರ ನಮ್ಮ ರೊಟ್ಟಿಗೆ ಬಿತ್ತು. ಅಕ್ಕನಿಗೆ ತೆಲುಗು ಬಾರದು, ಆಕೆಗೆ ಕನ್ನಡ ಬಾರದು, ಮಾತು ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವರ ಕಲಂಕಾರಿ ಬಟ್ಟೆಯನ್ನು ನೋಡುವುದಕ್ಕಿಂತ ಮೂಸಬೇಕು. ಬಣ್ಣ ಹಾಕುವ ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸುತ್ತಾರೆ, ಗೆರೆ ಹರಡದಿರಲಿ ಎಂದು. ಕಪ್ಪು ಬರುವುದು ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿದ್ದರಿಂದ. ಹಾಗೆ ಬಿದಿರಿನ ಕಡ್ಡಿಯಲ್ಲಿ ಬರೆದ ಗೆರೆ ಬಟ್ಟೆಯ ಹಿಂಬದಿಗೂ ಇಳಿದಿರುತ್ತದೆ. ನನ್ನ ಚಟಕ್ಕೆ ಆ ಅಮ್ಮ ನಗುತ್ತ ಬಟ್ಟೆಯನ್ನು ತಾವೇ ಮಗುಚಿ ಹಿಡಿದರು.

ಊಟದ ಮೇಲೆ ಕಿನ್ನಾಳದ ಗೊಂಬೆಗಳ ಮುಂದೆ ನಿಂತೆವು. ಕೊಪ್ಪಳ ಜಿಲ್ಲೆಯ ಈ ಊರಿನ ಚಿತ್ರಗಾರರ ಗರುಡನನ್ನು ನೋಡಿದರೆ ಎತ್ತಲು ಎರಡು ಕೈ ಬೇಕೆನ್ನಿಸುತ್ತದೆ. ಎತ್ತಿದರೆ ಹತ್ತಿಯ ಹಾಗೆ ಬರುತ್ತದೆ. ಪೊಣಕಿ ಮರ ಅಷ್ಟು ಹಗುರ. ಕೂಡಿಸಿದ ಗೊಂಬೆಯ ಮೈಗೆ ಸವರಲು ‘ಕಿಟ್ಟ’ ಎಂಬ ಲೇಪ: ನೆನೆಸಿ ಕುಟ್ಟಿದ ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು. ಅದೇ ಸಾಲಿನ ತುದಿಯಲ್ಲಿ ಚಳ್ಳಕೆರೆ ಸೀಮೆಯ ಕರಿಕಂಬಳಿ ಹಾಸಿದ್ದರು. ಕಂಬಳಿಯನ್ನು ಮುಟ್ಟಿ ನೋಡಿದರೆ ಹೊಸದರಲ್ಲಿ ಹಪ್ಪಳದಂತೆ ಬಿರುಸು. ಅದಕ್ಕೂ ಹುಣಸೆಬೀಜದ ಗಂಜಿಯಂತೆ. ನೇಯುವ ಮೊದಲು ನೂಲಿಗೆ, ನೇಯ್ದ ಮೇಲೆ ಕಂಬಳಿಗೆ.

“ನೋಡ್ರಿ ಮಾಸ್ತರ,” ಎಂದರು ಅಕ್ಕ, “ನೀವು ಹುಣಸಿಹಣ್ಣು ಹಿಂಡಿ ಬೀಜ ಕಸದ ಡಬ್ಬಿಗೆ ಹಾಕ್ತೀರಿ. ಅತ್ಲಾಗ ಗರುಡಗೂ ಅದ, ಇತ್ಲಾಗ ಕುರಿ ಕಾಯಾಂವಗೂ ಅದ.”

ಹೆಂಡತಿ ಅಂದಿನಿಂದ ಬೀಜ ಕೂಡಿಡಲು ಶುರುಮಾಡಿದ್ದಾಳೆ. ಯಾತಕ್ಕೆ ಎಂದು ಕೇಳುವ ಧೈರ್ಯ ನನಗಿಲ್ಲ. ಒಲೆಯ ಪಕ್ಕದ ಬಾಟಲಿ ಅರ್ಧ ತುಂಬಿದೆ.

ಬೀದರಿನವರ ಮಳಿಗೆ ಚಿಕ್ಕದು, ಬೆಲೆ ದೊಡ್ಡದು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಎರಕ ಹೊಯ್ದು, ಮೈಮೇಲೆ ಉಳಿಯಲ್ಲಿ ಗೀರು ತೆಗೆದು, ಬೆಳ್ಳಿಯ ತಂತಿ ಕೂರಿಸಿ ಬಡಿಯುವುದು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಕುದಿಸಿ ಹಚ್ಚಿದರೆ ಲೋಹ ಕಾಡಿಗೆಯಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಮೂಲೆಯ ಮಣ್ಣೇ ಆಗಬೇಕು; ಕಸುಬಿನವರು ಅದನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಈ ಕಲೆಯ ಹಿರಿಯರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕಪ್ಪು ಬೆಳ್ಳಿ ಕೂಡುವ ಕಡೆ ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಬೆಲೆ ನೋಡಿದೆ, ಅಲ್ಲಿ ತಡೆಯಿತು. ಮಳಿಗೆಯವರು ಏನೂ ಅಂದುಕೊಳ್ಳದೆ, “ನೋಡೋದಕ್ಕೆ ರೇಟಿಲ್ಲ ಸರ್” ಎಂದು ಇನ್ನೊಂದು ಹೂದಾನಿ ಕೈಗಿಟ್ಟರು.

ಬೆಲೆಯ ಮಾತು ಬಂತಲ್ಲ, ಅಕ್ಕನ ಚೌಕಾಸಿ ಶಾಸ್ತ್ರ ಹೇಳದೆ ಮುಂದೆ ಹೋಗುವಂತಿಲ್ಲ. ಇಳಕಲ್ ಸೀರೆಯಾತ ಹೇಳಿದ ಬೆಲೆಯಲ್ಲಿ ಅವರು ಒಂದು ರೂಪಾಯಿಯನ್ನೂ ಇಳಿಸಲು ಕೇಳಲಿಲ್ಲ. ಎಳೆ ತಪ್ಪಿದೆ ಎಂದು ಆತನೇ ಇಳಿಸಲು ಬಂದರೆ ಬೇಡವೆಂದರು. ಅದೇ ಅಕ್ಕ ನಾಲ್ಕು ಮಳಿಗೆ ಆಚೆ, ಎಲ್ಲ ಊರಿನ ಎಲ್ಲ ಸಾಮಾನನ್ನೂ ರಾಶಿ ಹಾಕಿಕೊಂಡು ಕೂತವನ ಹತ್ತಿರ ಒಂದು ದಿಂಬಿನ ಚೀಲಕ್ಕೆ ಹೇಳಿದ್ದರ ಮೂರನೇ ಒಂದಂಶದಿಂದ ಶುರುಮಾಡಿ, ಆತ ಕೈ ಮುಗಿಯುವವರೆಗೂ ಬಿಡಲಿಲ್ಲ. ಕೊನೆಗೆ ಕೊಳ್ಳಲೂ ಇಲ್ಲ. ಇದು ಅನ್ಯಾಯವಲ್ಲವೇ ಎಂದು ಹೆಂಡತಿ ಕೇಳಿದಳು. “ಅಂವ ಯಾರ ಕೂಡ ಎಷ್ಟಕ್ಕ ತಂದಾನೋ ಅಂವಗ ಗೊತ್ತೈತಿ. ನೇಯ್ದಾಂವಗ ಎಷ್ಟು ಮುಟ್ಟೈತೋ ನನಗ ಗೊತ್ತಿಲ್ಲ. ಹಂಗಂದ ಮ್ಯಾಲ ನಾ ಯಾಕ ಸುಮ್ನಿರ್ಲಿ?” ಎಂದರು. ನನಗೆ ಈ ವಾದದಲ್ಲಿ ತಪ್ಪು ಕಾಣಲಿಲ್ಲ. ಮಧ್ಯವರ್ತಿ ಇಲ್ಲದೆ ಕುಶಲಕರ್ಮಿಯೇ ಎದುರು ಕೂತು ಮಾರಲಿ ಎಂಬುದೇ ಇಂಥ ಮೇಳಗಳ ಮೂಲ ಆಸೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದ ಮೇಲೆ ಊರೂರು ಅಲೆದು, ಅಡಗಿಹೋಗುತ್ತಿದ್ದ ಕಸುಬುಗಳನ್ನು ಹುಡುಕಿ ಪೇಟೆಗೆ ತಂದರು. 1994ರಲ್ಲಿ ದಿಲ್ಲಿ ಹಾಟ್ ತೆರೆದದ್ದೂ ಇದೇ ಆಸೆಯಿಂದ. ಆದರೆ ಮಳಿಗೆಯ ಬಾಡಿಗೆ, ಲಾರಿ ಖರ್ಚು, ಇಡೀ ವಾರ ಪರಸ್ಥಳದಲ್ಲಿ ಇರುವುದು, ಉಣ್ಣುವುದು ಎಲ್ಲವನ್ನೂ ಭರಿಸುವ ತಾಕತ್ತು ಮಗ್ಗದವನಿಗಿಂತ ವ್ಯಾಪಾರಿಗೆ ಜಾಸ್ತಿ. ಎಷ್ಟೇ ಸೋಸಿದರೂ ಅವನು ನುಸುಳಿ ಬಂದೇ ಬರುತ್ತ‍ಾನೆ.

ಕೈಯಿಂದ ಮಾಡಿದ್ದು ಯಾವುದು ಎಂಬ ಪ್ರಶ್ನೆಗೆ 2017ರಲ್ಲಿ ಜಿ.ಎಸ್.ಟಿ. ಬಂದಾಗ ಇದ್ದಕ್ಕಿದ್ದಂತೆ ರೆಕ್ಕೆ ಬಂತು. ಹೆಗ್ಗೋಡಿನ ಪ್ರಸನ್ನ ಅವರು ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಕರ ನಿರಾಕರಣೆ ಸತ್ಯಾಗ್ರಹ ಹೂಡಿದ್ದು ಆಗಲೇ. ಅವರ ಚರಕ ಸಂಸ್ಥೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಲ್ಲಿ ನೂಲಿಗೆ ಬಣ್ಣ ಕಟ್ಟಿ ನೇಯುತ್ತಾರೆ. ನನ್ನ ಕಂದು ಜುಬ್ಬಾ ಆ ಬಣ್ಣದ್ದೇ. ಒಗೆದಷ್ಟೂ ಮೆತ್ತಗಾಗುತ್ತ ಬಂದಿದೆ, ಬಣ್ಣ ಕೊಂಚ ಮಾಸಿದೆ. ಮಾಸುವುದು ಅದಕ್ಕೆ ಒಪ್ಪುತ್ತದೆ ಎಂದು ನಾನು; ಅದು ಒರೆಸುವ ಬಟ್ಟೆಗೆ ಒಪ್ಪುತ್ತದೆ ಎಂದು ಹೆಂಡತಿ.

ಚನ್ನಪಟ್ಟಣದ ಗೊಂಬೆಗಳ ಹತ್ತಿರ ಬರುವ ಹೊತ್ತಿಗೆ ಐದು ದಾಟಿ ಮಂದಿ ಶುರುವಾಗಿತ್ತು. ಬೆಂಗಳೂರಿನಿಂದ ಬರೀ 60 ಕಿಲೋಮೀಟರು. ಹಾಗಾಗಿ ಇವರನ್ನು ಯಾರೂ ದೂರದಿಂದ ಬಂದವರೆಂದು ಲೆಕ್ಕಿಸುವುದಿಲ್ಲ. ಒಬ್ಬ ಹುಡುಗ ಸಣ್ಣ ಕಡೆತದ ಯಂತ್ರವನ್ನೇ ತಂದು ನಿಲ್ಲಿಸಿಕೊಂಡಿದ್ದ. ಹಾಲೆ ಮರದ ತುಂಡು ಗಿರ್ರನೆ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹಳದಿ ಪಟ್ಟೆಯಾಗಿ ಹಬ್ಬುತ್ತದೆ. ಕುಂಚವಿಲ್ಲ, ಒಣಗುವ ತನಕ ಕಾಯುವುದಿಲ್ಲ. ಆಮೇಲೆ ಒಣಗಿದ ಗರಿಯೊಂದನ್ನು ಒತ್ತಿ ಹಿಡಿದ, ಮಿರಿಮಿರಿ ಹೊಳಪು ಬಂತು. ಬುಗುರಿಯನ್ನು ಮಗುಚಿದೆ: ಕೆಳಗೆ ಕಾಸಿನಗಲ ಬಣ್ಣವಿಲ್ಲದ ಬಿಳಿ ಮರ, ಯಂತ್ರದಿಂದ ಕತ್ತರಿಸಿ ಬಿಡಿಸಿದ ಗುರುತು. ಹಿಂದೆ ನಿಂತಿದ್ದ ಹೆಣ್ಣುಮಗಳು ಮಗನಿಗೆ, “ನೋಡು, ಆ ತಾತ ಯಾಕೆ ಎಲ್ಲಾ ಉಲ್ಟಾ ಹಿಡೀತಾರೆ ಕೇಳು” ಎಂದಳು. ಹುಡುಗ ಕೇಳಲಿಲ್ಲ. ತಾನೂ ಒಂದು ಗಿಲಕಿಯನ್ನು ಉಲ್ಟಾ ಹಿಡಿದ. ಮೇಷ್ಟ್ರ ಕೆಲಸ ಇನ್ನೂ ಪೂರ್ತಿ ಹೋಗಿಲ್ಲ.

ಮಾರನೇ ದಿನ ಗೋಡೆಯ ಮೇಲೆ ವಿಚಾರಣೆ. ಹೆಂಡತಿ ಒಂದು ಖಣ, ಒಂದು ಬುಗುರಿ, ಅಕ್ಕ ಸೀರೆ. ನಾನು ಬರಿಗೈ. “ದಿನಾಪೂರ್ತಿ ಎಲ್ಲಾರ ಬೆನ್ನೂ ನೋಡಿ ಏನೂ ತಗೊಂಡಿಲ್ಲ ಮಾಸ್ತರ!” ಎಂದು ಅಕ್ಕ ಮೂದಲಿಸಿದರು. ನವಲಗುಂದದ ಜಮಖಾನ ಮನಸ್ಸಿಗೆ ಬಂದಿತ್ತು, ಕೆಂಪು ಹಳದಿಯಲ್ಲಿ ನವಿಲು ನೇಯ್ದದ್ದು. ಆದರೆ ನಮ್ಮ ಹಾಲಿನಲ್ಲಿ ಅದನ್ನು ಹಾಸಿದರೆ ಮೊಮ್ಮಗ ಅದರ ಮೇಲೆ ಸಾಂಬಾರು ಚೆಲ್ಲುವುದು ಖಂಡಿತ ಎಂದೆ.

“ಹಂಗಾದ್ರ ಒಂದು ಕೌದಿ ಹೊಲೀತೀನಿ. ಮನ್ಯಾಗ ಹಳೇ ಸೀರಿ ಎಷ್ಟ್ ಅದಾವು?”

ಹೆಂಡತಿ ನನ್ನ ಮುಖ ನೋಡಿದಳು. ಬೀರುವಿನ ಕೆಳಗಿನ ಖಾನೆಯ ಹಳೆಯ ಸೀರೆಗಳನ್ನು ಸ್ಟೀಲ್ ಪಾತ್ರೆಯವಳಿಗೆ ಕೊಡುವುದೆಂದು, ಬದಲಿಗೆ ಇಡ್ಲಿ ಪಾತ್ರೆ ತೆಗೆದುಕೊಳ್ಳುವುದೆಂದು ಹೋದ ವಾರವೇ ಮಾತಾಗಿತ್ತು. ಅಡ್ವಾನ್ಸಾಗಿ ಎರಡು ಸೀರೆ ಕೊಟ್ಟೂ ಆಗಿತ್ತು.

“ಬ್ಯಾಡ್ರಿ ಬಾಯಾರ, ಇಡ್ಲಿ ಪಾತ್ರಿ ಎಲ್ಲಿ ಬೇಕಲ್ಲಿ ಸಿಗ್ತೈತಿ. ಆ ಎರಡು ಸೀರಿ ತಿರುಗಿ ಇಸ್ಕೊಳ್ರಿ.”

“ಅವಳು ಕೊಡ್ತಾಳೇನ್ರೀ ಅಕ್ಕ? ಒಂದರಲ್ಲಿ ಜರಿ ಬೇರೆ ಇತ್ತು.”

“ಕೊಡದ ಏನ್ ಮಾಡ್ತಾಳ? ಐತವಾರ ಬರ್ಲಿ, ನಾ ಮಾತಾಡ್ತೀನಿ.”

ಭಾನುವಾರ ಬೆಳಿಗ್ಗೆ ನಾನು ಕರಿಬೇವಿಗೆ ಬೇಗ ನೀರು ಹಾಕಿ ಗೋಡೆಯ ಹತ್ತಿರ ಸ್ಟೂಲು ಹಾಕಿಕೊಳ್ಳುವವನಿದ್ದೇನೆ.